ವೂಫರ್ ಪೆಟ್ಟಿಗೆಗೆ ಮನೆ ನಂಬ್ರ ನೀಡಿದ ಬಗ್ಗೆ

ಅಂಬಟೆಗುಡ್ಡೆ ಗ್ರಾಮ ಪಂಚಾಯತ್ತಿನಲ್ಲಿ ಕಟ್ಟಡವೆಂದರೆ ನೆಲ, ಮೇಲೆ ಮಾಡು, ನಾಲ್ಕು ಬದಿಗೆ ಗೋಡೆ ಮತ್ತು ಗಾಳಿ ಹೋಗಿಬರಲು ಕನಿಷ್ಠ ಒಂದು ತೆರಪು ಇರುವ ಯಾವುದೇ ರಚನೆ. ಅದು ಎಷ್ಟು ದೊಡ್ಡದಿರಬೇಕೆಂದು ನಿಯಮದಲ್ಲಿ ಹೇಳಿಲ್ಲ. ಹೇಳದ್ದನ್ನು ಊಹಿಸಿಕೊಳ್ಳುವ ಅಧಿಕಾರ ನಮ್ಮ ಕಚೇರಿಯಲ್ಲಿ ಯಾರಿಗೂ ಇಲ್ಲ. ನಾನು ಗುಣಪಾಲ, ಕಟ್ಟಡ ವಿಭಾಗದ ಗುಮಾಸ್ತ. ಹದಿನೆಂಟು ವರ್ಷಗಳ ಸೇವೆಯಲ್ಲಿ ಏನನ್ನೂ ಊಹಿಸಿಕೊಂಡವನಲ್ಲ. ಏಳನೇ ವಾರ್ಡಿನ ಯತಿನ್ ಎಂಬವರ ವೂಫರ್ ಪೆಟ್ಟಿಗೆಗೆ ನಾವು ಮನೆ ನಂಬ್ರ ಕೊಟ್ಟಿದ್ದಕ್ಕೆ ಹೊರಗಿನವರು ನಗುತ್ತಾರೆಂದು ಕೇಳಿದ್ದೇನೆ. ನಗುವವರು ಕಡತ ಓದಿಲ್ಲ. ಆದ್ದರಿಂದ ಕಡತದಲ್ಲಿರುವುದನ್ನು ಇದ್ದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಯತಿನ್ ಉಪ್ಪಳದಲ್ಲಿ ಟೈಲ್ಸ್ ಅಂಗಡಿ ನಡೆಸುವ ಮರ್ಯಾದಸ್ಥ ಯುವಕ. ಕಳೆದ ವರ್ಷ ಒಂದು ಹಳೆಯ ಕಾರು ತೆಗೆದುಕೊಂಡಿದ್ದ. ಶಾರ್ಜಾದಲ್ಲಿರುವ ಭಾವ ಊರಿಗೆ ಬರುವಾಗ ಹನ್ನೆರಡು ಇಂಚಿನ ವೂಫರ್ ಒಂದನ್ನು ತಂದುಕೊಟ್ಟರು. ವೂಫರ್ ಎಂದರೆ ಹಾಡಿನ ದಪ್ಪ ಸ್ವರವನ್ನು ಮಾತ್ರ ನುಡಿಸುವ ಸ್ಪೀಕರ್. ಅದನ್ನು ಲೆಕ್ಕದ ಅಳತೆಯ ಮರದ ಪೆಟ್ಟಿಗೆಯಲ್ಲಿ ಕೂರಿಸಿ ಕಾರಿನ ಡಿಕ್ಕಿಯಲ್ಲಿಟ್ಟರೆ ಮುಂದಿನ ಸೀಟಿನವರಿಗೆ ಬೆನ್ನಿನಿಂದಲೂ ಹಾಡು ಕೇಳಿಸುತ್ತದೆಯಂತೆ. ಅಂಥ ಪೆಟ್ಟಿಗೆ ಪೇಟೆಯಲ್ಲಿ ತಯಾರಾಗಿಯೇ ಸಿಗುತ್ತದೆ. ಆದರೆ ಯತಿನ್ ಮೊಬೈಲಿನಲ್ಲಿ ನೋಡಿದ ವೀಡಿಯೋದ ಗಡ್ಡದವನೊಬ್ಬ, ಇದನ್ನು ಯಾರು ಬೇಕಾದರೂ ಒಂದು ಭಾನುವಾರ ಕೂತು ಮಾಡಿ ಮುಗಿಸಬಹುದು ಎಂದಿದ್ದ. ಯತಿನ್ ಅದನ್ನು ನಂಬಿ ಹದಿನೆಂಟು ಮಿಲಿಮೀಟರ್ ದಪ್ಪದ ಹಲಗೆ, ಮರದ ಅಂಟು ಮತ್ತು ಒಂದು ಡ್ರಿಲ್ ಮೆಷಿನ್ ತಂದ.

ಯತಿನ್‌ನ ಹಿತ್ತಿಲಿಗೆ ತಾಗಿ ಬಟ್ಯ ಮತ್ತು ಕಿನ್ನಿ ಎಂಬ ದಂಪತಿಯ ಎರಡು ಕೋಣೆಯ ಹಂಚಿನ ಮನೆ ಇದೆ. ಬಟ್ಯ ಮೂವತ್ತು ವರ್ಷ ಕೆಂಪುಕಲ್ಲಿನ ಕೋರೆಯಲ್ಲಿ ದುಡಿದು, ಅಲ್ಲಿನ ಧೂಳನ್ನೆಲ್ಲ ಎದೆಯಲ್ಲಿಟ್ಟುಕೊಂಡು ಮನೆಗೆ ಬಂದವನು. ಈಗ ದಮ್ಮು. ದಿನಕ್ಕೆ ಮೂರು ಸಲ ಮೂಗಿಗೆ ಮಾಸ್ಕ್ ಹಾಕಿಕೊಂಡು ಮದ್ದು ಎಳೆದುಕೊಳ್ಳುವ ಯಂತ್ರವನ್ನು ಡಾಕ್ಟರು ಬರೆದುಕೊಟ್ಟಿದ್ದಾರೆ. ಯಂತ್ರಕ್ಕೆ ಕರೆಂಟ್ ಬೇಕು, ಕರೆಂಟಿಗೆ ಮನೆ ನಂಬ್ರ ಬೇಕು, ಮನೆಗೆ ನಂಬ್ರವಿಲ್ಲ. ಆದಕಾರಣ ಬಟ್ಯ ದಿನಕ್ಕೆ ಮೂರು ಸಲ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಯತಿನ್‌ನ ಮನೆಯ ಸಿಟೌಟಿಗೆ, ಅಂದರೆ ಮುಂದಿನ ಜಗಲಿಗೆ, ಹತ್ತಿ ಬಂದು, ಅಲ್ಲಿನ ಪ್ಲಗ್ಗಿಗೆ ಸಿಕ್ಕಿಸಿ ಉಸಿರಾಡಿ ಹೋಗುತ್ತಿದ್ದ. ಹತ್ತಿ ಬರುವಾಗ ಆದ ದಮ್ಮು ಇಳಿಯಲು ಅರ್ಧ ಮದ್ದು ಖರ್ಚಾಗುತ್ತಿತ್ತು.

ನಂಬ್ರ ಯಾಕಿಲ್ಲ ಎಂಬುದಕ್ಕೆ ಕಾರಣ ಸ್ಪಷ್ಟವಿದೆ. ಮನೆಗೂ ರಸ್ತೆಗೂ ನಡುವೆ ಮೂರು ಮೀಟರ್ ಇರಬೇಕು. ಅಲ್ಲಿ ಎರಡು ಮೀಟರ್ ಅರುವತ್ತು ಸೆಂಟಿಮೀಟರ್ ಮಾತ್ರ ಇದೆ. ಆ ಮನೆ ಕಟ್ಟುವಾಗ ರಸ್ತೆ ಇರಲಿಲ್ಲ, ರಸ್ತೆಯನ್ನು ಆಮೇಲೆ ಪಂಚಾಯತ್ತೇ ಮಾಡಿಸಿದ್ದು ಎಂದು ಕಿನ್ನಿ ಹೇಳುತ್ತಾಳೆ. ಅದು ನಿಜ. ರಸ್ತೆ ಬಂದದ್ದು ಮನೆಯ ನಂತರ. ಆದರೆ ಅರ್ಜಿ ಬಂದದ್ದು ರಸ್ತೆಯ ನಂತರ, ಮತ್ತು ನಾವು ಅರ್ಜಿಯನ್ನು ನೋಡುವವರು. ಆರು ವರ್ಷಗಳಿಂದ ಪ್ರತಿ ತಿಂಗಳ ಮೊದಲ ಸೋಮವಾರ ಕಿನ್ನಿ ಕೌಂಟರಿಗೆ ಬಂದು ಕೇಳುತ್ತಿದ್ದಳು, ನಾನು ಇದೇ ಉತ್ತರ ಕೊಡುತ್ತಿದ್ದೆ. ಒಂದು ಸಲವೂ ಬೇರೆ ಉತ್ತರ ಕೊಟ್ಟು ಆಕೆಯನ್ನು ಗೊಂದಲಕ್ಕೆ ಕೆಡವಿದ್ದಿಲ್ಲ.

ಇನ್ನು ಪೆಟ್ಟಿಗೆಯ ವಿಷಯ. ವೂಫರಿನ ಜೊತೆ ಬಂದ ಕಾಗದದಲ್ಲಿ, ಪೆಟ್ಟಿಗೆಯೊಳಗೆ ಐವತ್ತು ಲೀಟರ್ ಗಾಳಿ ಇರಬೇಕೆಂದು ಬರೆದಿತ್ತು. ಯತಿನ್ ಅಳೆದೂ ಸುರಿದೂ ಐವತ್ತು ಸೆಂಟಿಮೀಟರ್ ಉದ್ದ, ಮೂವತ್ತಾರು ಎತ್ತರ, ಇಪ್ಪತ್ತೆಂಟು ಅಗಲದ ಪೆಟ್ಟಿಗೆ ಮಾಡಿದ. ಗುಣಿಸಿದರೆ ಸರಿಯಾಗಿ ಐವತ್ತು ಲೀಟರ್ ಬರುತ್ತದೆ. ಖಾತ್ರಿ ಮಾಡಿಕೊಳ್ಳಲು ತಾಯಿಯ ಕುಚ್ಚಲಕ್ಕಿ ಡಬ್ಬಿಯನ್ನು ಅದಕ್ಕೆ ಸುರಿದು ನೋಡಿದಾಗ ಮೂವತ್ತೇಳು ಲೀಟರಿಗೇ ತುಂಬಿತು. ಅವನು ಹೊರಗಿನಿಂದ ಅಳೆದಿದ್ದ; ಉಳಿದ ಗಾಳಿಯ ಜಾಗದಲ್ಲಿ ಹಲಗೆ ಕೂತಿತ್ತು. ಅದಲ್ಲದೆ ಸ್ಕ್ರೂ ಹೊಡೆಯುವ ಮೊದಲು ಸಣ್ಣ ತೂತು ಕೊರೆಯಬೇಕೆಂದು ಗೊತ್ತಿಲ್ಲದೆ ಹಲಗೆಯ ಅಂಚು ನಾಲ್ಕು ಕಡೆ ಸೀಳಿತ್ತು. ಸೀಳಿನಿಂದ ಸೋರಿದ ಅಕ್ಕಿಯನ್ನು ತಾಯಿ ಮೂರು ದಿನ ಹೆಕ್ಕಿದರು.

ಈ ಕಾಲದಲ್ಲಿ ಸಿಟೌಟಿನ ಒಂದೇ ಪ್ಲಗ್ಗಿಗೆ ಡ್ರಿಲ್ ಮೆಷಿನೂ ಬಟ್ಯನ ಯಂತ್ರವೂ ಸರದಿಯಲ್ಲಿ ಕಾಯುತ್ತಿದ್ದವು. "ಬಟ್ಯಣ್ಣ, ನಿಮ್ಮದು ಮೊದಲಾಗಲಿ. ನನ್ನದಕ್ಕೆ ಅರ್ಜೆಂಟಿಲ್ಲ," ಎಂದು ಯತಿನ್ ಪ್ರತಿಸಲ ವಯರು ಬಿಚ್ಚಿ ಕೊಡುತ್ತಿದ್ದುದಾಗಿ ಆಮೇಲೆ ದಾಖಲಾದ ಹೇಳಿಕೆಗಳಲ್ಲಿದೆ. ಒಂದು ದಿನ ಬಟ್ಯ, ಮುಂದಿನ ಹಲಗೆಯಲ್ಲಿ ಗೀಟು ಹಾಕಿದ್ದ ಉದ್ದದ ಸೀಳನ್ನು ತೋರಿಸಿ ಕೇಳಿದ.

"ಇದು ಎಂತಕ್ಕೆ?"

"ಪೆಟ್ಟಿಗೆಗೆ ಉಸಿರಾಡ್ಲಿಕ್ಕೆ. ಗಾಳಿ ಹೋಗಿ ಬಂದು ಆಗದಿದ್ರೆ ಸ್ವರ ಕಟ್ಟಿಹೋಗ್ತದೆ."

"ಅದಕ್ಕೂ ದಮ್ಮಾ?" ಎಂದ ಬಟ್ಯ, ಮಾಸ್ಕ್ ಹಾಕಿಕೊಂಡ.

ಎರಡನೇ ಪೆಟ್ಟಿಗೆಗೆ ಯತಿನ್ ಪೂವಪ್ಪ ಆಚಾರಿಯವರನ್ನು ಕರೆಸಿದ. ಪೂವಪ್ಪ ಆಚಾರಿ ಈ ಕಡೆ ನಾನೂರು ಮನೆಗಳಿಗೆ ಆಯ ನೋಡಿದವರು. ಸುತ್ತಳತೆಯನ್ನು ಕೋಲು ಅಂಗುಲಕ್ಕೆ ತಂದು, ಶಾಸ್ತ್ರದ ಸಂಖ್ಯೆಯಿಂದ ಗುಣಿಸಿ, ಎಂಟರಿಂದ ಭಾಗಿಸಿ ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜಾಯ, ಒಳ್ಳೆಯದು. ಎರಡು ಉಳಿದರೆ ಧೂಮಾಯ, ಕೆಟ್ಟದು. ನಮ್ಮಲ್ಲಿ ಮನೆಗೆ, ಬಾವಿಗೆ, ದನದ ಹಟ್ಟಿಗೂ ಇದನ್ನು ನೋಡದೆ ಯಾರೂ ಮುಂದೆ ಹೋಗುವುದಿಲ್ಲ. ಆಚಾರಿಯವರು ಯತಿನ್ ಕೊಟ್ಟ ಹೊಸ ಅಳತೆಯನ್ನು ಕಣ್ಣು ಮುಚ್ಚಿ ಲೆಕ್ಕ ಹಾಕಿದರು.

"ಇದು ಧೂಮಾಯ ಆಗ್ತದೆ. ಇದರೊಳಗೆ ಇರುವವರಿಗೆ ಸೌಖ್ಯ ಇಲ್ಲ."

"ಇದರೊಳಗೆ ಯಾರೂ ಇರುದಿಲ್ಲ ಆಚಾರ್ರೇ. ಕಾರಿನ ಡಿಕ್ಕಿಗೆ ಇದು."

"ಯಾರೂ ಇರದಿದ್ರೆ ಕಿಟಿಕಿ ಯಾಕೆ ಇಟ್ಟದ್ದು?"

ಆಚಾರಿಯವರು ಉದ್ದಕ್ಕೆ ಒಂದಂಗುಲ, ಎತ್ತರಕ್ಕೆ ಒಂದಂಗುಲ ಏರಿಸಿ ಧ್ವಜಾಯಕ್ಕೆ ತಂದರು. ಅದರಿಂದ ಒಳಗಿನ ಗಾಳಿ ಐವತ್ತೆಂಟು ಲೀಟರ್ ಆಯಿತು. ವೂಫರಿನ ಹಿಂಭಾಗ ಮತ್ತು ಸೀಳಿನ ಹಲಗೆಗಳು ತಿನ್ನುವ ಜಾಗವನ್ನು ಕಳೆದರೆ ಹೆಚ್ಚುಕಡಿಮೆ ಐವತ್ತೇ ಉಳಿಯುವುದನ್ನು ಕಂಡು ಯತಿನ್‌ಗೆ ಶಾಸ್ತ್ರದ ಮೇಲೆ ಭಕ್ತಿ ಬಂತು. ಕೆಲಸ ಎರಡು ತಿಂಗಳು ನಡೆಯಿತು. ಅಂಟು ಹಾಕಿ, ಸ್ಕ್ರೂ ಬಿಗಿದು, ಗಾಳಿ ಸೋರದಂತೆ ಮೂಲೆಗಳಿಗೆ ಸಿಲಿಕಾನ್ ಒತ್ತಿ, ಮೇಲೆ ಕಪ್ಪು ಕಾರ್ಪೆಟ್ ಅಂಟಿಸಿದರು. ಕೊನೆಯ ದಿನ ಆಚಾರಿಯವರ ಪದ್ಧತಿಯಂತೆ ಪೆಟ್ಟಿಗೆಯ ವೃತ್ತಾಕಾರದ ತೂತನ್ನು ಪೂರ್ವಕ್ಕೆ ತಿರುಗಿಸಿ, ದೀಪ ಹಚ್ಚಿ, ತೆಂಗಿನಕಾಯಿ ಒಡೆದು, ಅಳತೆಯನ್ನು ಬರೆದ ಆಯದ ಚೀಟಿಯೊಂದನ್ನು ಸಹಿ ಹಾಕಿ ಕೊಟ್ಟರು.

ಆಮೇಲೆ ಪೆಟ್ಟಿಗೆಯನ್ನು ಡಿಕ್ಕಿಗೆ ಎತ್ತಿದರು. ಅದು ಹೋಗಲಿಲ್ಲ. ಯತಿನ್ ಡಿಕ್ಕಿಯ ಒಳಗನ್ನು ಅಳೆದಿದ್ದ, ಡಿಕ್ಕಿಯ ಬಾಯಿಯನ್ನು ಅಳೆದಿರಲಿಲ್ಲ. ಅಡ್ಡ, ಉದ್ದ, ಓರೆ ಎಲ್ಲ ನೋಡಿಯಾಯಿತು. ಎಲ್ಲ ಕಡೆಯೂ ಆಯಕ್ಕಾಗಿ ಏರಿಸಿದ ಆ ಒಂದೊಂದು ಅಂಗುಲವೇ ತಾಗುತ್ತಿತ್ತು. ಆಚಾರಿಯವರು ಕಾರಿನ ಸುತ್ತ ಒಂದು ಸುತ್ತು ಬಂದರು.

"ಕಾರಿಗೆ ಆಯ ನೋಡ್ಲಿಲ್ಲ," ಎಂದರು. "ತಪ್ಪು ಕಾರಿನದ್ದು."

ಹೀಗೆ ಪೆಟ್ಟಿಗೆ ಸಿಟೌಟಿನಲ್ಲೇ ಉಳಿಯಿತು. ನಾಲ್ಕನೇ ದಿನ ನಮ್ಮ ಕಚೇರಿಗೆ ಸಹಿ ಇಲ್ಲದ ಒಂದು ದೂರು ಬಂತು. ಯತಿನ್ ಎಂಬವನು ಪರವಾನಗಿಯಿಲ್ಲದೆ ಕಟ್ಟಡ ಕಟ್ಟಿದ್ದಾನೆ, ಆಚಾರಿಯಿಂದ ಆಯ ನೋಡಿಸಿದ್ದಾನೆ, ದೀಪ ಹಚ್ಚಿ ಕಾಯಿ ಒಡೆದು ಗೃಹಪ್ರವೇಶವನ್ನೂ ಗುಟ್ಟಾಗಿ ಮುಗಿಸಿದ್ದಾನೆ, ನಮ್ಮನ್ನು ಕರೆಯಲಿಲ್ಲ ಎಂದು ಅದರಲ್ಲಿತ್ತು. ಕೊನೆಯ ಮಾತಿನಿಂದ ದೂರುದಾರರು ಹತ್ತಿರದ ಸಂಬಂಧಿಕರೆಂದು ತಿಳಿಯಿತಾದರೂ ಅದನ್ನು ತನಿಖೆ ಮಾಡುವುದು ನಮ್ಮ ವಿಭಾಗಕ್ಕೆ ಬರುವುದಿಲ್ಲ. ದೂರನ್ನು ಓವರ್ಸಿಯರ್ ಪೂಜಾಶ್ರೀ ಮೇಡಂ ಅವರಿಗೆ ಕಳುಹಿಸಿದೆ.

ಪೂಜಾಶ್ರೀ ಮೇಡಂ ಟೇಪು ಹಿಡಿದು ಸ್ಥಳಕ್ಕೆ ಹೋದರು. ಪೆಟ್ಟಿಗೆಯ ಸುತ್ತ ಕುಕ್ಕರಗಾಲಿನಲ್ಲಿ ಕೂತು ಅಳತೆ ತೆಗೆದರು.

"ಮೇಡಂ, ಇದು ಸ್ಪೀಕರಿನ ಪೆಟ್ಟಿಗೆ," ಎಂದ ಯತಿನ್.

"ಒಳಗೆ ಎಂತ ಇಡ್ತೀರಿ ಅಂತ ನಾನು ಕೇಳ್ಲಿಲ್ಲ. ಮಾಡು ಉಂಟಾ?"

"ಮೇಲೆ ಹಲಗೆ ಉಂಟು."

"ಮಾಡು ಉಂಟು," ಎಂದು ಮೇಡಂ ಬರೆದುಕೊಂಡರು. "ಗೋಡೆ ಉಂಟು. ಕಿಟಿಕಿ ಒಂದು, ವೆಂಟಿಲೇಟರ್ ಒಂದು. ಆಯದ ಚೀಟಿ ಉಂಟಾ?"

ಯತಿನ್ ಪ್ರಾಮಾಣಿಕ. ಉಂಟು ಎಂದು ತಂದು ಕೊಟ್ಟ.

ಅನಧಿಕೃತ ಕಟ್ಟಡವನ್ನು ಏಳು ದಿನಗಳೊಳಗೆ ತೆರವುಗೊಳಿಸಬೇಕು ಅಥವಾ ಕ್ರಮಬದ್ಧಗೊಳಿಸಬೇಕು ಎಂದು ನೋಟೀಸು ಹೋಯಿತು. ಅದನ್ನು ಹಿಡಿದುಕೊಂಡು ಯತಿನ್ ನನ್ನ ಕೌಂಟರಿಗೆ ಬಂದ.

"ಗುಣಪಾಲಣ್ಣ, ತೆಗಿಲಿಕ್ಕೆ ನಾನೇ ರೆಡಿ. ಹೇಗೂ ಬಿಚ್ಚಿ ಎರಡು ಬದಿ ಕೊಯ್ದರೆ ಮಾತ್ರ ಕಾರಿಗೆ ಹೋಗುದು. ಇವತ್ತೇ ಬಿಚ್ತೇನೆ."

"ಹಾಗೆಲ್ಲ ಬಿಚ್ಲಿಕ್ಕೆ ಆಗುದಿಲ್ಲ ಮಾರಾಯ," ಎಂದು ನಾನು ಸಮಾಧಾನದಿಂದ ತಿಳಿಸಿದೆ. "ಕೆಡವಲು ಪರ್ಮಿಟ್ ಬೇಕು. ಕೆಡವುವ ಪರ್ಮಿಟ್ ನಂಬ್ರ ಇರುವ ಕಟ್ಟಡಕ್ಕೆ ಮಾತ್ರ. ಮೊದಲು ನಂಬ್ರ ಮಾಡಿಸು, ಆಮೇಲೆ ಕೆಡವು."

ಯತಿನ್ ಅರ್ಜಿ ಫಾರ್ಮು ಕೇಳಿದ. ನಿಯಮ ಗೊತ್ತಾದ ಮೇಲೆ ಜನ ಹೀಗೆಯೇ ಶಾಂತರಾಗುತ್ತಾರೆ.

ಅರ್ಜಿ ಕಂಪ್ಯೂಟರಿಗೆ ಹೋಯಿತು. ನೆಲದ ವಿಸ್ತೀರ್ಣ ಸೊನ್ನೆ ದಶಮಾಂಶ ಎರಡು ಚದರ ಮೀಟರ್. ರಸ್ತೆಯಿಂದ ದೂರ ಒಂಬತ್ತು ಮೀಟರ್, ಉತ್ತಮ. ತೆರಪಿನ ಪ್ರಮಾಣ ನೆಲದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಇಷ್ಟು ಗಾಳಿ ಬೆಳಕು ಇರುವ ಕಟ್ಟಡ ಪಂಚಾಯತ್ತಿನಲ್ಲಿ ಬೇರೆ ಇಲ್ಲ ಎಂದು ಪೂಜಾಶ್ರೀ ಮೇಡಂ ಪ್ರತ್ಯೇಕ ಟಿಪ್ಪಣಿ ಬರೆದರು. ಮಳೆನೀರು ಸೋರುವುದಿಲ್ಲ. ಸಿಲಿಕಾನ್ ಹಾಕಿದ್ದರಿಂದ ಗೆದ್ದಲೂ ಹೋಗುವುದಿಲ್ಲ. ಬಳಕೆಯ ಅಂಕಣದಲ್ಲಿ ವಸತಿ, ವ್ಯಾಪಾರ, ಕೈಗಾರಿಕೆ ಎಂದು ಮೂರೇ ಆಯ್ಕೆಗಳಿದ್ದವು. ವ್ಯಾಪಾರವೆಂದರೆ ಲೈಸೆನ್ಸ್ ಕೇಳುತ್ತದೆ, ಕೈಗಾರಿಕೆಯೆಂದರೆ ಅಗ್ನಿಶಾಮಕದವರು ಬರುತ್ತಾರೆ. ನಾನೇ ಅವನ ಕಷ್ಟ ನೋಡಿ ವಸತಿ ಎಂದು ಒತ್ತಿದೆ. ಹನ್ನೊಂದು ದಿನದಲ್ಲಿ ನಂಬ್ರ ಬಂತು. ಹನ್ನೊಂದು ದಿನ ನಮ್ಮ ಕಚೇರಿಯ ದಾಖಲೆ.

ಎರಡು ದಿನ ಬಿಟ್ಟು ಯತಿನ್ ಕೆಡವುವ ಪರ್ಮಿಟ್ಟಿನ ಅರ್ಜಿ ತುಂಬಿಸಿಕೊಂಡು ಬಂದ. ಅಂದು ತಿಂಗಳ ಮೊದಲ ಸೋಮವಾರವಾಗಿತ್ತು. ಕಿನ್ನಿ ಕೌಂಟರಿನಲ್ಲಿ ನಿಂತಿದ್ದಳು. ನಾನು ಎಂದಿನ ಉತ್ತರ ಕೊಡಲು ಬಾಯಿ ತೆರೆದೆ. ಆದರೆ ಆಕೆ ಅಂದು ಎಂದಿನ ಪ್ರಶ್ನೆ ಕೇಳಲಿಲ್ಲ.

"ಸಾರ್, ಯತಿನಣ್ಣನ ಪೆಟ್ಟಿಗೆಗೆ ನಂಬ್ರ ಸಿಕ್ಕಿತಂತೆ."

"ಸಿಕ್ಕಿದೆ. ದಾಖಲೆ ಎಲ್ಲ ಸರಿ ಉಂಟು."

"ಅದರಲ್ಲಿ ಇರುದು ಯಾರು?"

ನಾನು ರಿಜಿಸ್ಟರ್ ತೆರೆದು ನೋಡಿದೆ. ನಿವಾಸಿಗಳು ಎಂಬ ಅಂಕಣ ಖಾಲಿಯಿತ್ತು. ಖಾಲಿ ಎಂದೆ.

"ಖಾಲಿ ಮನೆಯಲ್ಲಿ ಬೇರೆಯವರು ಇರಬಹುದಾ?"

"ಮಾಲಕರ ಒಪ್ಪಿಗೆ ಪತ್ರ ಇದ್ದರೆ ಇರಬಹುದು."

"ಇದ್ದರೆ ಕರೆಂಟ್ ಸಿಕ್ತದಾ?"

ನಾನು ನಿಯಮ ಪುಸ್ತಕ ತೆಗೆದೆ. ಆರು ವರ್ಷಗಳಲ್ಲಿ ಕಿನ್ನಿಗಾಗಿ ಆ ಪುಸ್ತಕ ತೆಗೆದದ್ದು ಅದೇ ಮೊದಲು. ಮೊದಲಿನ ಪ್ರಶ್ನೆಗೆ ಅದರ ಅಗತ್ಯವೇ ಇರಲಿಲ್ಲ. ನಂಬ್ರವಿರುವ ವಸತಿ ಕಟ್ಟಡದ ನಿವಾಸಿಗೆ ವಿದ್ಯುತ್ ಸಂಪರ್ಕ ನಿರಾಕರಿಸುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಗಟ್ಟಿಯಾಗಿ ಓದಿದೆ. ಕಿನ್ನಿ ತಿರುಗಿ ಯತಿನ್‌ನನ್ನು ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

ಯತಿನ್‌ನ ಮುಖ ಸಪ್ಪಗಾಯಿತು. ಮೂರು ತಿಂಗಳ ಭಾನುವಾರಗಳು ಆ ಪೆಟ್ಟಿಗೆಯಲ್ಲಿದ್ದವು. ಅದರ ಒಂದೊಂದು ಮೂಲೆಯನ್ನೂ ಅವನು ಬೆರಳಲ್ಲಿ ಒತ್ತಿ ನೋಡಿದ್ದ, ಕಾರ್ಪೆಟ್ಟಿನ ಜೋಡಣೆ ಕಾಣದ ಹಾಗೆ ಅಂಟಿಸಿದ್ದ. ಮೊದಲ ಸಲ ಕೈಯಿಂದ ಮಾಡಿದ ವಸ್ತು ಎಂಬುದು ಮೊದಲ ಮಗುವಿದ್ದಂತೆ ಎಂದು ಆಚಾರಿಯವರು ಹೇಳುತ್ತಾರೆ.

"ಬಿಚ್ಚಿದರೆ ನಂಬ್ರ ಎಂತ ಆಗ್ತದೆ ಗುಣಪಾಲಣ್ಣ?"

"ರದ್ದಾಗ್ತದೆ."

"ಬಿಚ್ಚದಿದ್ರೆ?"

"ಶಾಶ್ವತ."

ಯತಿನ್ ಕೆಡವುವ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡ. "ಕಿನ್ನಿಯಕ್ಕ, ನೀವು ಅದರಲ್ಲಿ ಇರಿ," ಎಂದ. ಕಿನ್ನಿ ಅತ್ತಳು. ಅದಕ್ಕೆ ಕಡತದಲ್ಲಿ ಅಂಕಣವಿಲ್ಲದ್ದರಿಂದ ದಾಖಲಿಸಿಲ್ಲ.

ಕಡತ ಕಾರ್ಯದರ್ಶಿಯವರ ಮೇಜಿಗೆ ಹೋದಾಗ ಅವರು ಎರಡು ಆಕ್ಷೇಪ ಎತ್ತಿದರು. ಸೊನ್ನೆ ದಶಮಾಂಶ ಎರಡು ಚದರ ಮೀಟರಿನಲ್ಲಿ ಇಬ್ಬರು ವಾಸಿಸಬಹುದೇ ಎಂಬುದು ಮೊದಲನೆಯದು. ಒಂದು ಕಟ್ಟಡದಲ್ಲಿ ಇಷ್ಟೇ ಜನ ಇರಬೇಕೆಂಬ ಮಿತಿ ನಿಯಮದಲ್ಲಿಲ್ಲ, ಅಲ್ಲದೆ ದಂಪತಿ ಅನ್ಯೋನ್ಯವಾಗಿದ್ದಾರೆ ಎಂದು ನಾನು ಟಿಪ್ಪಣಿ ಬರೆದೆ. ಅವರು ಪೆಟ್ಟಿಗೆಗೆ ಸ್ಥಳಾಂತರಗೊಂಡ ಮೇಲೆ ಹಳೆಯ ಮನೆಯ ಗತಿಯೇನು ಎಂಬುದು ಎರಡನೆಯದು. ಇದಕ್ಕೆ ಪೂಜಾಶ್ರೀ ಮೇಡಂ ಉತ್ತರ ಕಂಡುಹಿಡಿದರು. ಕಟ್ಟಿಗೆ ಕೊಟ್ಟಿಗೆ, ಬಚ್ಚಲು ಮುಂತಾದ ಉಪಕಟ್ಟಡಗಳಿಗೆ ಮೂರು ಮೀಟರಿನ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ಎರಡು ಕೋಣೆಯ ಆ ಹಂಚಿನ ಮನೆಯನ್ನು ವೂಫರ್ ಪೆಟ್ಟಿಗೆಯ ಉಪಕಟ್ಟಡವೆಂದು ದಾಖಲಿಸಲಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮಂಜೂರಾತಿ ಆದೇಶದ ಷರತ್ತುಗಳು ಹೀಗಿವೆ. ಇದು ವಸತಿ ಕಟ್ಟಡವಾದ್ದರಿಂದ ಇದರೊಳಗೆ ವೂಫರ್ ಇತ್ಯಾದಿ ಸದ್ದು ಮಾಡುವ ಸಲಕರಣೆ ಅಳವಡಿಸತಕ್ಕದ್ದಲ್ಲ. ಕಟ್ಟಡವನ್ನು ಕಾರು, ರಿಕ್ಷಾ ಅಥವಾ ತಲೆಹೊರೆಯಲ್ಲಿ ಪಕ್ಕದ ಮೀಂಜಕ್ಕಾಗಲಿ ಬೇರೆ ಪಂಚಾಯತ್ತಿಗಾಗಲಿ ಒಯ್ಯತಕ್ಕದ್ದಲ್ಲ. ಕಟ್ಟಡದ ಮೇಲೆ ಯಾರೂ ಕುಳಿತುಕೊಳ್ಳತಕ್ಕದ್ದಲ್ಲ. ನಿವಾಸಿಗಳು ಒಳಗಿದ್ದಾರೆಂಬುದನ್ನು ಓವರ್ಸಿಯರ್ ಆರು ತಿಂಗಳಿಗೊಮ್ಮೆ ಖುದ್ದಾಗಿ ಪರಿಶೀಲಿಸತಕ್ಕದ್ದು.

ವಿದ್ಯುತ್ತಿನವರು ಬಂದು ಪೆಟ್ಟಿಗೆಯ ಎಡಗೋಡೆಗೆ ಮೀಟರ್ ಬೋರ್ಡು ಕೂರಿಸಿದರು. ಹಲಗೆ ಸೀಳದ ಹಾಗೆ ಮೊದಲು ಸಣ್ಣ ತೂತು ಕೊರೆಯಬೇಕೆಂದು ಯತಿನ್ ಅವರಿಗೆ ತೋರಿಸಿಕೊಟ್ಟ. ವೂಫರಿಗಾಗಿ ಕೊರೆದಿದ್ದ ದುಂಡು ತೂತಿನಿಂದ ವಯರು ಹೊರಬಂದು, ಬೇಲಿ ದಾಟಿ, ಹನ್ನೆರಡು ಮೀಟರ್ ಆಚೆ ಉಪಕಟ್ಟಡಕ್ಕೆ ಹೋಗುತ್ತದೆ. ಉಪಕಟ್ಟಡದಲ್ಲಿ ಈಗ ಒಂದು ಬಲ್ಬು, ಒಂದು ಫ್ಯಾನು, ಒಂದು ಪ್ಲಗ್ಗು ಇದೆ. ವೂಫರ್ ಯತಿನ್‌ನ ಟೈಲ್ಸ್ ಅಂಗಡಿಯ ಮೇಜಿನಡಿ ಅದು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಇದೆ. ಅವನ ಕಾರಿನಲ್ಲಿ ಹಾಡು ಕಿವಿಗೆ ಮಾತ್ರ ಕೇಳಿಸುತ್ತದೆ, ಅದಕ್ಕೆ ಅವನ ದೂರಿಲ್ಲ.

ಗ್ರಾಮಸಭೆಯಲ್ಲಿ ಈ ಯೋಜನೆಗೆ ಮೆಚ್ಚುಗೆ ಸೂಚಿಸಿ ನಿರ್ಣಯ ಅಂಗೀಕರಿಸಲಾಯಿತು. ವಾರ್ಡಿನಲ್ಲಿ ನಂಬ್ರವಿಲ್ಲದ ಹದಿನೇಳು ಮನೆಗಳಿದ್ದು, ಎಲ್ಲರೂ ಪೂವಪ್ಪ ಆಚಾರಿಯವರಲ್ಲಿ ಪೆಟ್ಟಿಗೆಗೆ ಹೇಳಿದ್ದಾರೆ. ಆಚಾರಿಯವರು ಧ್ವಜಾಯಕ್ಕಿಂತ ಕೆಳಗೆ ಮಾಡುವುದಿಲ್ಲ. ಯತಿನ್ ಭಾನುವಾರಗಳಲ್ಲಿ ಮನೆಮನೆಗೆ ಹೋಗಿ, ಹೊರ ಅಳತೆ ಹಿಡಿಯಬೇಡಿ, ಒಳ ಅಳತೆ ಹಿಡಿಯಿರಿ ಎಂದು ಹೇಳಿಕೊಡುತ್ತಾನೆ. ಈ ಪೆಟ್ಟಿಗೆಯೊಳಗೆ ಸ್ಪೀಕರ್ ಕೂರಿಸುವ ರೂಢಿಯೂ ಕೆಲವು ಕಡೆ ಉಂಟೆಂದು ಅವನು ತಿಳಿಸಿದಾಗ ಜನ ನಂಬಲಿಲ್ಲ. ಮನೆಯೊಳಗೆ ಅಷ್ಟು ದೊಡ್ಡ ಸ್ಪೀಕರ್ ಇಟ್ಟರೆ ಮಲಗುವುದು ಹೇಗೆ ಎಂದು ಹೆಂಗಸರು ಕೇಳಿದರು.

ಕಳೆದ ವಾರ ಮೊದಲ ಅರೆವಾರ್ಷಿಕ ಪರಿಶೀಲನೆ ನಡೆಯಿತು. ನಾನೂ ಕಡತ ಹಿಡಿದು ಜೊತೆಗೆ ಹೋಗಿದ್ದೆ. ಪೂಜಾಶ್ರೀ ಮೇಡಂ ಚಪ್ಪಲಿ ಬಿಚ್ಚಿಟ್ಟು, ಸಿಟೌಟಿನ ಮೇಲೆ ಮೊಣಕಾಲೂರಿ, ಪೆಟ್ಟಿಗೆಯ ಸೀಳಿಗೆ ಬಾಯಿ ಹತ್ತಿರ ತಂದರು.

"ಬಟ್ಯಣ್ಣ, ಒಳಗೆ ಇದ್ದೀರಾ?"

ಬೇಲಿಯಾಚೆ ಉಪಕಟ್ಟಡದ ಮಂಚದಲ್ಲಿ ಬಟ್ಯ ಕೂತಿದ್ದ. ಪಕ್ಕದಲ್ಲಿ ಯಂತ್ರ ಗುರುಗುಡುತ್ತಿತ್ತು. ಅವನು ಮಾಸ್ಕನ್ನು ಸ್ವಲ್ಪ ಸರಿಸಿ, "ಇದ್ದೇನೆ ಮೇಡಂ," ಎಂದು ಹೇಳಿ ಮತ್ತೆ ಹಾಕಿಕೊಂಡ. ಹತ್ತಿ ಬಂದ ಏದುಸಿರು ಅವನಲ್ಲಿ ಇರಲಿಲ್ಲ. ಕಿನ್ನಿ ಬಾಗಿಲಲ್ಲಿ ನಿಂತು, ಚಾ ಮಾಡ್ತೇನೆ, ಕುಡಿದೇ ಹೋಗಬೇಕು ಎಂದಳು.

ನಿವಾಸಿ ಮನೆಯೊಳಗಿದ್ದಾರೆ, ಉಸಿರಾಟ ಸರಾಗವಾಗಿದೆ ಎಂದು ಪೂಜಾಶ್ರೀ ಮೇಡಂ ಪೆಟ್ಟಿಗೆಯ ಮುಂದೆಯೇ ಬರೆದರು. ನಾನು ಓದಿ ನೋಡಿ, ಸತ್ಯವಿದ್ದುದರಿಂದ, ಕೆಳಗೆ ಸಹಿ ಹಾಕಿದೆ.